ಗಾಯರಾಣದ ಗಾಲ್ಫು: ಪಾಳಿ ಹಚ್ಚಿದವರಿಗೆ ಬಾಗಿಲು ತೆರೆದೀತು

ಗಾಲ್ಫ್ ಎಂಬ ಶಬ್ದ ಈ ಭಾಗದ ಜನರ ಬಾಯಿಗೆ ಬಂದದ್ದು ಆಟದಿಂದಲ್ಲ, ಚಿರತೆಯಿಂದ. 2022ರ ಆಗಸ್ಟ್‌ನಲ್ಲಿ ಬೆಳಗಾವಿಯ ಗಾಲ್ಫ್ ಮೈದಾನದ ಗಿಡಗಂಟಿಯೊಳಗೆ ಒಂದು ಚಿರತೆ ಹೊಕ್ಕಿತು. ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟರು. ಬೋನು ಇಟ್ಟರು, ಬಲೆ ಹಾಕಿದರು, ಕೊನೆಗೆ ಶಿವಮೊಗ್ಗ ಜಿಲ್ಲೆಯ ಸಕ್ರೆಬೈಲಿನಿಂದ ಆನೆಗಳನ್ನೂ ತರಿಸಿದರು. ಚಿರತೆ ಮಾತ್ರ ಯಾರ ಕೈಗೂ ಸಿಗಲಿಲ್ಲ. ಆಗ ಜಮಖಂಡಿ, ಮುಧೋಳದ ಚಹಾದಂಗಡಿಗಳಲ್ಲಿ ಚಿರತೆಗಿಂತ ದೊಡ್ಡ ಪ್ರಶ್ನೆ ಒಂದೇ: "ಅಲ್ರೀ, ಊರ ನಡುವ ಅಷ್ಟ ದೊಡ್ಡ ಜಾಗಾ ಬರೇ ಗುಂಡ ಹೊಡ್ಯಾಕ ಇಟ್ಟಾರಾ?"

ಪ್ರಶ್ನೆ ಹಗುರಾದದ್ದಲ್ಲ. ಜಾಗ ಯಾರದು, ಅಲ್ಲಿ ಆಡುವ ಪಾಳಿ ಯಾರಿಗೆ ಎಂಬುದೇ ಈ ಆಟದ ಅರ್ಧ ಕಥೆ.

ಇನ್ನರ್ಧ ಕಥೆ ಈಚಿನದು. 2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಒಂದೇ ಒಂದು ಹೊಡೆತದಿಂದ ಪದಕ ತಪ್ಪಿಸಿಕೊಂಡು ನಾಲ್ಕನೆಯವಳಾದಳು. ಗಾಲ್ಫ್ ಅಂದರೆ ತಿನ್ನುವುದೋ ಉಡುವುದೋ ಎಂದು ಗೊತ್ತಿಲ್ಲದ ಮನೆಗಳಲ್ಲೂ ಆ ಬೆಳಿಗ್ಗೆ ಟಿ.ವಿ. ಹಚ್ಚಿ ಕೂತವರಿದ್ದರು. ಈ ನಾಲ್ಕೂ ಊರಿನ ಮಕ್ಕಳು ಈಗ ಬೆಂಗಳೂರು, ಪುಣೆ ದಾಟಿ ಲಂಡನ್, ಅಮೆರಿಕದ ತನಕ ಹೋಗಿದ್ದಾರೆ. ಕಂಪನಿಯ ಸಾಹೇಬರ ಜೊತೆ ಒಮ್ಮೆ ಕೋಲು ಹಿಡಿದವರಿಗೆ ಹುಚ್ಚು ಹತ್ತುತ್ತದೆ. ಟಿ.ವಿ.ಯಲ್ಲಿ ಕಂಡ ಆ ಹೆಸರಾಂತ ಮೈದಾನದಲ್ಲಿ ಒಂದು ದಿನ ಆಡಬೇಕು ಎಂಬ ಆಸೆ ಮೂಡುತ್ತದೆ. ಆದರೆ ಮೊದಲ ಅಂಜಿಕೆ: "ಅದೆಲ್ಲಾ ರಾಜರ ಆಟ, ದೊಡ್ಡವರ ಕ್ಲಬ್ಬು. ಅಲ್ಲಿ ನಮ್ಮನ್ಯಾರು ಒಳಗ ಬಿಡ್ತಾರ?"

ಸಂಗತಿ ತಿರುವುಮುರುವಾಗಿದೆ. ಜಗತ್ತಿನಲ್ಲಿ ಎಲ್ಲಕ್ಕಿಂತ ಹೆಸರಾದ ಗಾಲ್ಫ್ ಮೈದಾನ ಯಾವ ರಾಜನದೂ ಅಲ್ಲ, ಯಾವ ಕ್ಲಬ್ಬಿನದೂ ಅಲ್ಲ. ಅದು ಒಂದು ಊರಿನ ಗಾಯರಾಣ. ಅಲ್ಲಿ ಆಡಲು ವಂಶ ಬೇಕಿಲ್ಲ, ವಶೀಲಿ ಬೇಕಿಲ್ಲ. ಬೇಕಾದದ್ದು ಮೂರು: ಮೊದಲೇ ಹಾಕಿದ ಲೆಕ್ಕ, ಕೈಯಲ್ಲಿ ಒಂದಿಷ್ಟು ರೊಕ್ಕ, ಪಾಳಿ ಕಾಯುವ ತಾಳ್ಮೆ.

ಪಾಳಿ ಎಂಬುದು ಹೊಸದಲ್ಲ

ಪಾಳಿ ಕಾಯುವುದನ್ನು ಈ ನಾಡಿನವರಿಗೆ ಯಾರೂ ಕಲಿಸಬೇಕಿಲ್ಲ. ಕಬ್ಬು ಹಚ್ಚಿದ ದಿನವೇ ಕಾರ್ಖಾನೆಯಲ್ಲಿ ಹೆಸರು ಬರೆಸಿ, ಕಟಾವಿನ ಪಾಳಿ ಯಾವಾಗ ಬರುತ್ತದೆ, ಗ್ಯಾಂಗಿನವರು ಯಾವ ವಾರ ಹೊಲಕ್ಕೆ ಇಳಿಯುತ್ತಾರೆ ಎಂದು ವರ್ಷದ ಮೊದಲೇ ಲೆಕ್ಕ ಹಾಕುವ ಜನ ಇವರು. ಘಟಪ್ರಭಾ ಕಾಲುವೆಯ ನೀರು ತಮ್ಮ ಹೊಲದ ತೂಬಿಗೆ ಬರುವ ರಾತ್ರಿ ನಿದ್ದೆ ಬಿಟ್ಟು, ಬ್ಯಾಟರಿ ಹಿಡಿದು ಕಾಯುವ ಜನ. ಒಳ್ಳೆಯ ಮುಹೂರ್ತಕ್ಕೆ ಕಲ್ಯಾಣ ಮಂಟಪ ಬೇಕೆಂದರೆ ಹೆಣ್ಣು ಗೊತ್ತಾಗುವ ಮೊದಲೇ ಮಂಟಪ ಗೊತ್ತು ಮಾಡುವ ಬೀಗರು ರಬಕವಿ-ಬನಹಟ್ಟಿಯಲ್ಲಿ ಕಡಿಮೆ ಏನಿಲ್ಲ. ಮುಧೋಳ ನಾಯಿಯ ಮರಿ ಬೇಕಾದವರೂ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ಮೊದಲೇ ಹೆಸರು ಹಚ್ಚಿ ಕಾಯುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಗಾದೆಯಲ್ಲಿ ನಗೆಪಾಟಲು. ಗಾಲ್ಫಿನಲ್ಲಿ ಅದೇ ಜಾಣತನ.

ಹದಿನೆಂಟು ಕುಳಿಗಳ ಮೈದಾನವನ್ನು ಒಂದು ಸುತ್ತು ಆಡಿ ಮುಗಿಸಲು ನಾಲ್ಕು ತಾಸು, ನಾಲ್ಕೂವರೆ ತಾಸು ಬೇಕು. ಹೆಚ್ಚೆಂದರೆ ನಾಲ್ಕು ಮಂದಿಯ ಒಂದು ತಂಡ. ಒಂದು ತಂಡ ಮುಂದೆ ಸಾಗಿದ ಮೇಲೆ ಹಿಂದಿನದು ಹೊರಡಬೇಕು. ತಂಡ ತಂಡಕ್ಕೆ ಹತ್ತು ನಿಮಿಷದ ಸುಮಾರಿನ ಅಂತರ. ಹಗಲು ಎಷ್ಟಿದೆಯೋ ಅಷ್ಟೇ ಪಾಳಿ. ಜಗತ್ತಿನವರೆಲ್ಲ ಒಂದೇ ಮೈದಾನಕ್ಕೆ ಮುಗಿಬಿದ್ದರೆ ಏನಾದೀತು? ಒಂದೇ ತೂಬು, ನೂರು ಹೊಲ. ಆ ನೀರನ್ನು ನ್ಯಾಯವಾಗಿ ಹಂಚುವುದು ಹೇಗೆಂಬುದಕ್ಕೆ ಒಂದೊಂದು ಮೈದಾನ ಒಂದೊಂದು ಉತ್ತರ ಕಂಡುಕೊಂಡಿದೆ.

ಮೊಲ ಗೆದ್ದಿದ್ದರೆ ಆಟ ಇರುತ್ತಿರಲಿಲ್ಲ

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ ಸೇಂಟ್ ಆ್ಯಂಡ್ರೂಸ್ ಎಂಬ ಊರಿದೆ. ಬೀಳಗಿಯಂಥ ಸಣ್ಣ ಊರು. ಊರಿಗೂ ಸಮುದ್ರಕ್ಕೂ ನಡುವೆ ಉಸುಕಿನ ಮೇಲೆ ಹುಲ್ಲು ಬೆಳೆದ ಬಂಜರು ಭೂಮಿ. ಉಳಲು ಬಾರದ ಇಂಥ ಜಾಗಕ್ಕೆ ಅಲ್ಲಿಯವರು ಲಿಂಕ್ಸ್ ಎನ್ನುತ್ತಾರೆ. ಕುರಿ ಮೇಯಿಸುವುದು ಅಲ್ಲೇ, ಬಟ್ಟೆ ಒಣಗಿಸುವುದು ಅಲ್ಲೇ, ಹುಡುಗರ ಆಟವೂ ಅಲ್ಲೇ. 1552ರಲ್ಲಿ ಅಲ್ಲಿಯ ಧರ್ಮಾಧಿಕಾರಿ ಜಾನ್ ಹ್ಯಾಮಿಲ್ಟನ್ ಬರೆದುಕೊಟ್ಟ ಪತ್ರದಲ್ಲಿ ಆ ಭೂಮಿಯಲ್ಲಿ ಗಾಲ್ಫ್ ಆಡುವ ಹಕ್ಕು ಊರ ಜನರದು ಎಂಬುದು ದಾಖಲಾಗಿದೆ.

ಹೆಂಗಸರು ಒಗೆದ ಬಟ್ಟೆ ಹರವಿದ ಜಾಗದಲ್ಲೇ ಗಂಡಸರು ಚೆಂಡು ಹೊಡೆಯುತ್ತಿದ್ದರು. ಹೀಗಾಗಿ 19ನೆಯ ಶತಮಾನದಲ್ಲಿ ಅಲ್ಲಿಯ ಆಟದ ನಿಯಮಗಳಲ್ಲಿ, ಚೆಂಡು ಹೋಗಿ ಬಟ್ಟೆಯ ಮೇಲೆ ಬಿದ್ದರೆ ಬಟ್ಟೆಯನ್ನು ಮೆಲ್ಲಗೆ ಎಳೆದು ಆಟ ಮುಂದುವರಿಸಬಹುದು ಎಂಬ ನಿಯಮವೇ ಇತ್ತು! ಆಟವೂ ನಡೆಯಬೇಕು, ಒಗೆತವೂ ನಡೆಯಬೇಕು. ಹಂಚಿಕೊಂಡು ಬಾಳುವುದೆಂದರೆ ಇದೇ. ನೂಲಿಗೆ ಬಣ್ಣ ಕಟ್ಟಿ ಬಿಸಿಲಿಗೆ ಒಣಹಾಕುವ ನೇಕಾರರ ಓಣಿಯಲ್ಲಿ ಹುಡುಗರ ಚೆಂಡು ಬಿದ್ದಾಗ ಆಗುವ ಜಗಳ ಬಲ್ಲವರಿಗೆ ಇದರ ರುಚಿ ತಿಳಿದೀತು.

ಆದರೆ 1797ರ ಹೊತ್ತಿಗೆ ಆ ಊರಿನ ಪುರಸಭೆಯ ಬೊಕ್ಕಸ ಬರಿದಾಗಿ, ಲಿಂಕ್ಸ್ ಭೂಮಿ ಮೊಲ ಸಾಕುವ ವ್ಯಾಪಾರಿಗಳ ಕೈಗೆ ಹೋಯಿತು. ಮಾಂಸಕ್ಕೂ ಚರ್ಮಕ್ಕೂ ಮೊಲ ಬೆಳೆಸುವುದು ಆಗ ಲಾಭದ ದಂಧೆ. ಮೊಲಗಳು ಮೈದಾನದ ತುಂಬ ಬಿಲ ತೋಡಿದವು. ಆಟಗಾರರು ಸಿಟ್ಟಿಗೆದ್ದರು. ಮೊಲದವರಿಗೂ ಕೋಲಿನವರಿಗೂ ಕೈಕೈ ಮಿಲಾಯಿಸಿತು, ಕೋರ್ಟು ಕಚೇರಿಯೂ ಆಯಿತು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಎಳೆದಾಡಿದ ಈ ಜಗಳ ಮುಗಿದದ್ದು 1821ರಲ್ಲಿ, ಜೇಮ್ಸ್ ಚೀಪ್ ಎಂಬ ಜಮೀನುದಾರ ಆ ಭೂಮಿ ಕೊಂಡು ಆಟಕ್ಕೇ ಉಳಿಸಿದಾಗ. ಮುಂದೆ 1894ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಕಾಯದೆಯ ಪ್ರಕಾರ ಲಿಂಕ್ಸ್ ಮರಳಿ ಊರಿನ ಪುರಸಭೆಗೆ ಸೇರಿತು. 1974ರ ಇನ್ನೊಂದು ಕಾಯದೆಯಿಂದ ಒಂದು ಟ್ರಸ್ಟು ನೇಮಕವಾಗಿ, ಇಂದಿಗೂ ಆ ಟ್ರಸ್ಟೇ ಅದನ್ನು ನಡೆಸುತ್ತದೆ. ಊರಿನವರು 1946ರವರೆಗೂ ಅಲ್ಲಿ ಪುಕ್ಕಟೆ ಆಡಿದರು. ಈಗಲೂ ಊರ ನಿವಾಸಿಗೆ ಅಗ್ಗದ ವಾರ್ಷಿಕ ಪಾಸು ಉಂಟು.

ರವಿವಾರ ಅಲ್ಲಿ ಆಟವೇ ಇಲ್ಲ. ದೊಡ್ಡ ಪಂದ್ಯದ ದಿನ ಬಿಟ್ಟರೆ ರವಿವಾರ ಓಲ್ಡ್ ಕೋರ್ಸ್ ಮೈದಾನ ಊರ ಜನರ ಬಯಲು. ಮುದುಕರು ತಿರುಗಾಡುತ್ತಾರೆ, ಮಕ್ಕಳು ಓಡುತ್ತವೆ, ನಾಯಿಗಳೂ ಹುಲ್ಲಿನ ಮೇಲೆ ಹೊರಳುತ್ತವೆ. ಜಗತ್ತಿನ ಗಾಲ್ಫ್ ಚಾಂಪಿಯನ್ನರು ನಡೆದ ಹುಲ್ಲು ಅದು!

ಮೂರು ಬಾಗಿಲು

ಈ ಓಲ್ಡ್ ಕೋರ್ಸ್‌ಗೆ ಹೊರಗಿನವರು ಹೊಗಲು ಮುಖ್ಯವಾಗಿ ಮೂರು ಬಾಗಿಲು ಇವೆ.

ಮೊದಲನೆಯದು ಮುಂಗಡದ ಬಾಗಿಲು. ಮುಂದಿನ ವರ್ಷ ಆಡಬೇಕೆಂದರೆ ಹಿಂದಿನ ವರ್ಷವೇ, ಆಗಸ್ಟ್ ಕೊನೆ-ಸೆಪ್ಟೆಂಬರ್ ಸುಮಾರಿಗೆ, ಟ್ರಸ್ಟಿನವರು ಕೆಲವು ದಿನ ಅರ್ಜಿ ತೆಗೆದುಕೊಳ್ಳುತ್ತಾರೆ. ಆ ದಿನಗಳು ತಪ್ಪಿದರೆ ಆ ಬಾಗಿಲು ಮುಚ್ಚಿತು. ಇಲ್ಲಿ ಗಣಪತಿ ಕೂರಿಸುವ ಗಡಿಬಿಡಿಯಲ್ಲಿ ಅಲ್ಲಿಯ ಅರ್ಜಿ ಮರೆತವರು ಮತ್ತೊಂದು ವರ್ಷ ಕಾಯಬೇಕು. ಪ್ರವಾಸ ಕಂಪನಿಗಳ ಮೂಲಕವೂ ಹೋಗಬಹುದು. ಆದರೆ ಹೋಟೆಲು, ಊಟ, ಬೇರೆ ಮೈದಾನ ಎಲ್ಲ ಕಟ್ಟಿ ಒಂದೇ ಗಂಟು ಮಾಡುವುದರಿಂದ ಗಂಟಿನ ತೂಕ ಹೆಚ್ಚು.

ಎರಡನೆಯದು ಚೀಟಿಯ ಬಾಗಿಲು. ಇದೇ ಅಲ್ಲಿಯ ಸೊಗಸು. ಆಡಬೇಕಾದ ದಿನಕ್ಕೆ ಎರಡು ದಿನ ಮೊದಲು, ಮಧ್ಯಾಹ್ನ 2 ಗಂಟೆಯ ಒಳಗೆ ಹೆಸರು ಕೊಡಬೇಕು. ಗುರುವಾರದ ಆಟಕ್ಕೆ ಮಂಗಳವಾರ, ಸೋಮವಾರದ ಆಟಕ್ಕೆ ಶನಿವಾರ. ಕನಿಷ್ಠ ಇಬ್ಬರು, ಹೆಚ್ಚೆಂದರೆ ನಾಲ್ವರು ಸೇರಿ ಒಂದು ಹೆಸರು. ಹೆಸರು ಹಚ್ಚಲು ದುಡ್ಡಿಲ್ಲ. ಸಂಜೆಗೆ ಫಲಿತಾಂಶ. ಕಂಪ್ಯೂಟರಿನಲ್ಲೇ ಹೆಸರು ಕೊಡಬಹುದಾದ್ದರಿಂದ, ಮಗ ಅಲ್ಲಿ ಬಸ್ಸಿನಲ್ಲಿ ಸಿಕ್ಕಿಕೊಂಡರೆ ಇಲ್ಲಿ ಬನಹಟ್ಟಿಯಲ್ಲಿ ಕೂತ ಅಣ್ಣನೂ ಆ ಕೆಲಸ ಮಾಡಿಯಾನು. ಅಲ್ಲಿಯ ಬೇಸಿಗೆಯಲ್ಲಿ ಮಧ್ಯಾಹ್ನ 2 ಎಂದರೆ ಇಲ್ಲಿ ಸಂಜೆ ಆರೂವರೆ, ದೀಪ ಹಚ್ಚುವ ಹೊತ್ತು. ಚೀಟಿ ಎತ್ತುವಾಗ ಲಂಡನ್ನಿನ ಬ್ಯಾಂಕಿನ ಮಾಲೀಕನ ಹೆಸರೂ ಒಂದೇ, ಮಗ್ಗದ ಮನೆಯ ಹುಡುಗನ ಹೆಸರೂ ಒಂದೇ.

ಮೂರನೆಯದು ಒಂಟಿಗನ ಬಾಗಿಲು. ಜೊತೆಗಾರರಿಲ್ಲದೆ ಒಬ್ಬನೇ ಬಂದವನು ಮೊದಲು ರಾತ್ರಿಯೆಲ್ಲ ಮೈದಾನದ ಮುಂದೆ ಚಳಿಯಲ್ಲಿ ಸಾಲು ಹಚ್ಚಿ ಕೂಡಬೇಕಿತ್ತು. ಮೂವರೇ ಇರುವ ಯಾವುದಾದರೂ ತಂಡದಲ್ಲಿ ನಾಲ್ಕನೆಯವನಾಗಿ ತೂರಿಕೊಳ್ಳಲು ಆ ಜಾಗರಣೆ. 2024ರಿಂದ ಆ ಸಾಲು ನಿಂತಿತು. ಈಗ ಹಿಂದಿನ ದಿನ ಖುದ್ದಾಗಿ ಅಲ್ಲಿಗೆ ಹೋಗಿ ಹೆಸರು ಕೊಟ್ಟರೆ ಒಂಟಿಗರಿಗೂ ಚೀಟಿ ಎತ್ತುತ್ತಾರೆ. ರಾತ್ರಿ ಸಾಲು ಹಚ್ಚುವುದರಲ್ಲೇ ಒಂದು ಭಕ್ತಿ ಇತ್ತು ಎಂದು ಮರುಗುವ ಹಳಬರಿದ್ದಾರೆ. ಮುದುಕರಿಗೆ, ಹೆಣ್ಣುಮಕ್ಕಳಿಗೆ ಮಾತ್ರ ಇದೇ ಅನುಕೂಲ.

ರೊಕ್ಕದ ಮಾತು ಬಿಟ್ಟು ಹೇಗೆ? 2025ರ ಬೇಸಿಗೆಯಲ್ಲಿ ಓಲ್ಡ್ ಕೋರ್ಸ್‌ನ ಒಂದು ಸುತ್ತಿಗೆ 340 ಪೌಂಡು, ಸುಮಾರು 39 ಸಾವಿರ ರೂಪಾಯಿ. ಚೀಲ ಹೊರುವ ಕ್ಯಾಡಿಯ ಕೂಲಿ ಬೇರೆ. "ಕೋಲಿಲೆ ಒಂದ ಗುಂಡ ಹೊಡ್ಯಾಕ ಒಂದ ಎಮ್ಮಿ ರೊಕ್ಕ!" ಎಂದು ಕಟ್ಟೆಯ ಮೇಲಿನವರು ಬೆರಗಾದರೆ ತಪ್ಪಿಲ್ಲ. ಚಳಿಗಾಲದಲ್ಲಿ ದರ ಬಹಳ ಇಳಿಯುತ್ತದೆ, ಆದರೆ ಹುಲ್ಲು ಕಿತ್ತು ಹೋಗದಂತೆ ಚಾಪೆಯ ತುಂಡಿನ ಮೇಲೆ ಚೆಂಡು ಇಟ್ಟು ಹೊಡೆಯಬೇಕು. ಚೀಟಿ ಬೀಳದವರೂ ಬರಿಗೈಯಲ್ಲಿ ಬರಬೇಕಿಲ್ಲ. ಅದೇ ಟ್ರಸ್ಟಿನ ಕೈಯಲ್ಲಿ ಒಟ್ಟು ಏಳು ಮೈದಾನಗಳಿವೆ. 1895ರಲ್ಲಿ ಆದದ್ದಕ್ಕೆ ಇಂದಿಗೂ ನ್ಯೂ ಕೋರ್ಸ್ ಎಂದೇ ಹೆಸರು! ಅಲ್ಲಿ ಪಾಳಿ ಸುಲಭ, ದರವೂ ಕಡಿಮೆ.

ರೊಕ್ಕದ ಬಾಗಿಲು, ನಿದ್ದೆಗೆಟ್ಟವರ ಬಾಗಿಲು

ಅಮೆರಿಕದಲ್ಲಿ ಎರಡು ಮೈದಾನಗಳ ಕಥೆ ಕೇಳಿದರೆ ಸಾಕು.

ಕ್ಯಾಲಿಫೋರ್ನಿಯಾದ ಸಮುದ್ರದ ದಂಡೆಯಲ್ಲಿ ಪೆಬಲ್ ಬೀಚ್. 1919ರಲ್ಲಿ ಆದ ಮೈದಾನ, ಯು.ಎಸ್. ಓಪನ್ ಎಂಬ ದೊಡ್ಡ ಪಂದ್ಯ 1972ರಿಂದ 2019ರವರೆಗೆ ಅಲ್ಲಿ ಆರು ಸಲ ನಡೆದಿದೆ. ಸಾರ್ವಜನಿಕರಿಗೆ ಮುಕ್ತ ಎಂದು ಹೆಸರು. ಆದರೆ ತಿಂಗಳುಗಟ್ಟಲೆ ಮೊದಲು ಪಾಳಿ ಹಿಡಿಯಬೇಕೆಂದರೆ ಅದೇ ಮಾಲೀಕರ ಹೋಟೆಲಿನಲ್ಲಿ ಕನಿಷ್ಠ ಎರಡು ರಾತ್ರಿ ತಂಗಬೇಕು. ಅಲ್ಲಿ ತಂಗದವರು ಆಟದ ಹಿಂದಿನ ದಿನ ಕೇಳಿ, ಖಾಲಿ ಇದ್ದರೆ ಆಡಬೇಕು. ಆಟಕ್ಕೇ 600 ಡಾಲರ್ ಮೀರುತ್ತದೆ. ಬಾಗಿಲು ತೆರೆದಿದೆ, ಹೊಸ್ತಿಲು ಎತ್ತರ.

ನ್ಯೂಯಾರ್ಕ್ ಹತ್ತಿರದ ಬೆತ್‌ಪೇಜ್ ಬ್ಲ್ಯಾಕ್ ಇದಕ್ಕೆ ತದ್ವಿರುದ್ಧ. ಅದು ರಾಜ್ಯ ಸರಕಾರದ ಉದ್ಯಾನದ ಮೈದಾನ. 1930ರ ದಶಕದಲ್ಲಿ ಅಮೆರಿಕದಲ್ಲಿ ಕೆಲಸವಿಲ್ಲದೆ ಜನ ಕಂಗೆಟ್ಟಾಗ, ಕೂಲಿ ಕೊಡಲೆಂದು ತೆಗೆದ ಸರಕಾರಿ ಕಾಮಗಾರಿಯಲ್ಲಿ ಆ ಮೈದಾನ ತಯಾರಾಗಿ 1936ರಲ್ಲಿ ತೆರೆಯಿತು. ಬರಗಾಲದಲ್ಲಿ ಕೆರೆ ಹೂಳು ತೆಗೆದು, ರಸ್ತೆಗೆ ಕಲ್ಲು ಒಡೆದು ಹೊಟ್ಟೆ ಹೊರೆದ ನೆನಪು ಇಲ್ಲಿಯ ಹಿರಿಯರಿಗೆ ಇದ್ದೇ ಇದೆ. ಅಲ್ಲಿ ಅಂಥದೇ ಬೆವರಿನಿಂದ ಎದ್ದದ್ದು ಗಾಲ್ಫ್ ಮೈದಾನ. 2002ರಲ್ಲಿ ಅಲ್ಲಿ ಯು.ಎಸ್. ಓಪನ್ ನಡೆಯಿತು, 2009ರಲ್ಲಿ ಮತ್ತೆ ನಡೆಯಿತು, 2025ರಲ್ಲಿ ಯುರೋಪ್-ಅಮೆರಿಕ ನಡುವಿನ ರೈಡರ್ ಕಪ್ಪೂ ಆಯಿತು. ಆ ರಾಜ್ಯದ ನಿವಾಸಿಗೆ ದರ ಕಡಿಮೆ, ಪಾಳಿಯೂ ಮೊದಲು. ಹೊರಗಿನವರಿಗೆ ದರ ಹೆಚ್ಚು, ಪಾಳಿ ಆಮೇಲೆ. ಮುಂಗಡ ಸಿಗದವರು ಹಿಂದಿನ ರಾತ್ರಿಯೇ ಹೋಗಿ ಕಾರು ನಿಲ್ಲಿಸುವ ಜಾಗದಲ್ಲಿ ಕಾರಿನಲ್ಲೇ ಮಲಗಿ, ಬೆಳಗಿನ ಜಾವ ಚೀಟಿ ಪಡೆಯುತ್ತಾರೆ. ಕಾಲುವೆ ನೀರು ಕಾಯುವವನ ಜಾಗರಣೆಗೂ ಅದಕ್ಕೂ ಏನು ಭೇದ? ಮೈದಾನದ ಬಾಗಿಲಲ್ಲೇ ಬೋರ್ಡು: ಇದು ಬಹಳ ಕಠಿಣ, ನುರಿತವರು ಮಾತ್ರ ಆಡುವುದು ಲೇಸು ಎಂಬ ಎಚ್ಚರಿಕೆ. ಅದನ್ನು ಓದಿ ಹಿಂದಿರುಗಿದವರಿಗಿಂತ ಅದರ ಮುಂದೆ ಫೋಟೊ ತೆಗೆಸಿಕೊಂಡವರೇ ಹೆಚ್ಚು.

ಇನ್ನು ಬಾಗಿಲೇ ಇಲ್ಲದ ಮನೆಗಳೂ ಉಂಟು. ಮಾಸ್ಟರ್ಸ್ ಪಂದ್ಯ ನಡೆಯುವ ಅಗಸ್ಟಾ ನ್ಯಾಶನಲ್‌ನಲ್ಲಿ ಸದಸ್ಯರ ಅತಿಥಿಯಾಗದೆ ಆಡಲು ಸಾಮಾನ್ಯನಿಗೆ ಹಾದಿ ಇಲ್ಲ; ಹೊರಗಿನವರು ಪಂದ್ಯ ನೋಡಲು ಟಿಕೆಟ್ಟಿನ ಚೀಟಿಗೆ ಹೆಸರು ಹಚ್ಚಬಹುದು, ಅಷ್ಟೇ. ಸ್ಕಾಟ್ಲೆಂಡಿನ ಮ್ಯೂರ್‌ಫೀಲ್ಡ್ ಖಾಸಗಿ ಕ್ಲಬ್ಬು. ಹೊರಗಿನವರಿಗೆ ಮಂಗಳವಾರ, ಗುರುವಾರ ಮಾತ್ರ. ಅಲ್ಲಿ ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಂಡದ್ದೇ 2019ರಲ್ಲಿ!

ಇನ್ನೊಂದು ಎಚ್ಚರಿಕೆ. 2027ರ ಜೂನ್‌ನಲ್ಲಿ ಯು.ಎಸ್. ಓಪನ್ ಪೆಬಲ್ ಬೀಚ್‌ಗೂ, ಜುಲೈನಲ್ಲಿ ಓಪನ್ ಚಾಂಪಿಯನ್‌ಶಿಪ್ ಸೇಂಟ್ ಆ್ಯಂಡ್ರೂಸ್‌ಗೂ ನಿಗದಿಯಾಗಿವೆ. ದೊಡ್ಡ ಪಂದ್ಯದ ಹಿಂದೆ ಮುಂದೆ ಮೈದಾನವನ್ನು ಸಜ್ಜು ಮಾಡಲು ಸಾಮಾನ್ಯರ ಆಟ ನಿಲ್ಲಿಸುತ್ತಾರೆ. ಪಂದ್ಯದ ಪಟ್ಟಿ ನೋಡದೆ ವಿಮಾನದ ಟಿಕೆಟ್ ತೆಗೆಸಿದರೆ, ಜಾತ್ರೆ ಮುಗಿದ ಮೇಲೆ ತೇರು ಎಳೆಯಲು ಹೋದಂತೆ.

ಮೊದಲು ಮನೆಯ ಹತ್ತಿರ

ಆಸೆ ಇದ್ದ ಮಾತ್ರಕ್ಕೆ ಅಲ್ಲಿ ಕೋಲು ಬೀಸಲು ಬಿಡುವುದಿಲ್ಲ. ಹ್ಯಾಂಡಿಕ್ಯಾಪ್ ಎಂಬ ಒಂದು ಲೆಕ್ಕದ ಕಾಗದ ಬೇಕು. ಕುಸ್ತಿಯಲ್ಲಿ ಪೈಲ್ವಾನರ ತೂಕ ನೋಡಿ ಜೋಡಿ ಕಟ್ಟುವಂತೆ, ಗಾಲ್ಫಿನಲ್ಲಿ ಆಟಗಾರನ ಕೈ ಎಷ್ಟು ಪಳಗಿದೆ ಎಂಬುದಕ್ಕೆ ಈ ಅಂಕಿ. ಓಲ್ಡ್ ಕೋರ್ಸ್ ಅನ್ನು 72 ಹೊಡೆತಗಳಲ್ಲಿ ಮುಗಿಸುವುದು ನುರಿತವನ ಲೆಕ್ಕ. ಅಂಕಿ 36 ಇದ್ದವನು ತನ್ನ ಒಳ್ಳೆಯ ದಿನ 108ರ ಸುಮಾರಿಗೆ ಮುಗಿಸಿಯಾನು ಎಂದು ಅರ್ಥ. ಅಲ್ಲಿ 36ರವರೆಗೆ ಬಿಡುತ್ತಾರೆ. ಅದಕ್ಕಿಂತ ಹೆಚ್ಚಿನವನು ಹಿಂದಿನ ಎಲ್ಲ ತಂಡಗಳ ಹಾದಿ ಕಟ್ಟುತ್ತಾನೆ. ಆ ಕಾಗದ ಸಿಗುವುದು ಇಂಡಿಯನ್ ಗಾಲ್ಫ್ ಯೂನಿಯನ್ನಿಗೆ ಸೇರಿದ ಕ್ಲಬ್ಬಿನ ಮೂಲಕ, ಆಡಿದ ಸುತ್ತುಗಳ ಲೆಕ್ಕ ಬರೆಸಿ.

ಇಲ್ಲಿದೆ ನಿಜವಾದ ತೊಡಕು. ಬ್ರಿಟಿಷ್ ದ್ವೀಪಗಳ ಹೊರಗೆ ಜಗತ್ತಿನ ಅತಿ ಹಳೆಯ ಗಾಲ್ಫ್ ಕ್ಲಬ್ಬು ಇರುವುದು ಭಾರತದಲ್ಲೇ, 1829ರ ಕೊಲ್ಕತ್ತದಲ್ಲಿ. ಬೆಂಗಳೂರು ಗಾಲ್ಫ್ ಕ್ಲಬ್ 1876ರದು. ಕರ್ನಾಟಕ ಗಾಲ್ಫ್ ಅಸೋಸಿಯೇಶನ್ನಿನ ಮೈದಾನದಲ್ಲಿ 2012ರ ಇಂಡಿಯನ್ ಓಪನ್ ನಡೆದಿದೆ. ಅದಿತಿ ಐದು ವರ್ಷದ ಮಗುವಾಗಿದ್ದಾಗ ಕೋಲು ಹಿಡಿದದ್ದೂ ಅಲ್ಲೇ. ಆದರೆ ಇಂಥ ಕ್ಲಬ್ಬುಗಳಲ್ಲಿ ಆಡಬೇಕೆಂದರೆ ಸದಸ್ಯರಾಗಬೇಕು, ಇಲ್ಲವೇ ಸದಸ್ಯರ ಅತಿಥಿಯಾಗಿ ಹೋಗಬೇಕು. ಅಂದರೆ ಸಾವಿರಾರು ಮೈಲಿ ದೂರದ ಸ್ಕಾಟ್ಲೆಂಡಿನಲ್ಲಿ ಚೀಟಿ ಎತ್ತಿ ಒಳಗೆ ಬಿಡುತ್ತಾರೆ. ಬೆಂಗಳೂರಿನಲ್ಲಿ ಪರಿಚಯದ ಸದಸ್ಯನಿಲ್ಲದವನು ಗೇಟಿನ ಹೊರಗೆ.

ದುಡ್ಡು ಕೊಟ್ಟು ಯಾರಾದರೂ ಆಡಬಹುದಾದ ಮೈದಾನಗಳು ದೇಶದಲ್ಲಿ ಇಲ್ಲದಿಲ್ಲ. ದೆಹಲಿಯ ಕುತುಬ್ ಗಾಲ್ಫ್ ಕೋರ್ಸ್ ಅಲ್ಲಿಯ ಅಭಿವೃದ್ಧಿ ಪ್ರಾಧಿಕಾರದ್ದು. ದೇಶದ ಮೊದಲ ಸಾರ್ವಜನಿಕ ಗಾಲ್ಫ್ ಮೈದಾನ ಎಂದು ಅದಕ್ಕೆ ಹೆಸರು. ಶ್ರೀನಗರದ ದಾಲ್ ಸರೋವರದ ಬಳಿಯ ರಾಯಲ್ ಸ್ಪ್ರಿಂಗ್ಸ್ ಪ್ರವಾಸಿಗರಿಗೂ ತೆರೆದ ಸರಕಾರಿ ಮೈದಾನ. ಬರೇ ಹೊಡೆದು ಅಭ್ಯಾಸ ಮಾಡುವ ರೇಂಜುಗಳು ಬೆಂಗಳೂರಿನಲ್ಲಿ ರೊಕ್ಕ ಕೊಟ್ಟವರಿಗೆಲ್ಲ ತೆರೆದಿವೆ. ಕೈ ಪಳಗಿಸುವುದು ಅಲ್ಲಿಂದ.

ವರ್ಷದ ಲೆಕ್ಕ

ಬನಹಟ್ಟಿಯ ಒಬ್ಬ ಹುಡುಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ, ಅವನಿಗೆ ಓಲ್ಡ್ ಕೋರ್ಸ್ ಹುಚ್ಚು ಹಿಡಿದಿದೆ ಎಂದಿಟ್ಟುಕೊಳ್ಳಿ. ಅವನ ಪಂಚಾಂಗ ಹೀಗಿದ್ದರೆ ಕೆಲಸ ಕೆಟ್ಟೀತೇ?

ಹೋಗುವ ವರ್ಷಕ್ಕೆ ಒಂದೂವರೆ ವರ್ಷ ಮೊದಲೇ ರೇಂಜಿನಲ್ಲಿ ಕೈ ಪಳಗಿಸಿ, ಕ್ಲಬ್ಬೊಂದರ ಮೂಲಕ ಹ್ಯಾಂಡಿಕ್ಯಾಪ್ ಕಾಗದ ಮಾಡಿಸಲು ತೊಡಗಬೇಕು. ಜೊತೆಗೆ ಪಾಸ್‌ಪೋರ್ಟಿನ ಅವಧಿಯನ್ನೂ ನೋಡಿಕೊಳ್ಳಬೇಕು. ಆಗಸ್ಟ್ ಬಂದೊಡನೆ ಟ್ರಸ್ಟಿನ ಪ್ರಕಟಣೆಯ ಮೇಲೆ ಕಣ್ಣಿಟ್ಟು ಮುಂಗಡ ಅರ್ಜಿ ಹಾಕಬೇಕು. ಸಿಕ್ಕರೆ ಪುಣ್ಯ, ಸಿಗದಿದ್ದರೆ ಚೀಟಿಯ ಬಾಗಿಲು ಇದ್ದೇ ಇದೆ. ಚೀಟಿಯನ್ನು ನಂಬಿ ಹೋಗುವವನು ಒಂದೇ ದಿನಕ್ಕೆ ಹೋಗಬಾರದು. ಅದೇ ಊರಿನಲ್ಲಿ ನಾಲ್ಕೈದು ದಿನ ಇದ್ದು, ದಿನಾ ಹೆಸರು ಹಚ್ಚಿ, ನಡುವೆ ಬೇರೆ ಮೈದಾನದಲ್ಲಿ ಆಡುತ್ತಿರಬೇಕು. ರವಿವಾರ ಲೆಕ್ಕಕ್ಕಿಲ್ಲ.

ಬ್ರಿಟನ್ನಿನ ಪ್ರವಾಸಿ ವೀಸಾಕ್ಕೆ ಹೊರಡುವ ಮೂರು ತಿಂಗಳ ಒಳಗೆ ಮಾತ್ರ ಅರ್ಜಿ. ಅದಕ್ಕಿಂತ ಮೊದಲು ತೆಗೆದುಕೊಳ್ಳುವುದಿಲ್ಲ, ತೀರ ತಡವಾದರೆ ಕೈಗೆ ಬರುವುದಿಲ್ಲ. ಅಮೆರಿಕದ್ದಾದರೆ ಸಂದರ್ಶನದ ತಾರೀಖಿಗೇ ತಿಂಗಳುಗಟ್ಟಲೆ ಕಾಯಬೇಕಾದೀತು. ಅಲ್ಲಿ ಮೊದಲು ವೀಸಾ, ಆಮೇಲೆ ಮೈದಾನ. ಕೋಲುಗಳ ಚೀಲ ಹೊತ್ತು ಹೋಗುವುದಕ್ಕಿಂತ ಅಲ್ಲಿಯೇ ಬಾಡಿಗೆಗೆ ಪಡೆಯುವುದು ಸುಲಭ. ಮಳೆಯ ಅಂಗಿ ಮಾತ್ರ ಇರಲೇಬೇಕು. ಅಲ್ಲಿಯ ಬೇಸಿಗೆ ಇಲ್ಲಿಯ ಶ್ರಾವಣದಂತೆ: ಬಿಸಿಲು, ಗಾಳಿ, ಜಿಟಿಜಿಟಿ ಮಳೆ ಒಂದೇ ತಾಸಿನಲ್ಲಿ.

ಇಷ್ಟಾಗಿಯೂ ಚೀಟಿ ಬೀಳದಿದ್ದರೆ? ರವಿವಾರ ಆ ಹುಲ್ಲಿನ ಮೇಲೆ ನಡೆದು ಬರುವುದಕ್ಕೆ ಯಾರ ಅಪ್ಪಣೆಯೂ ಬೇಡ, ಒಂದು ಪೈಸೆಯೂ ಬೇಡ. ಕೊನೆಯ ಕುಳಿಯ ಹಾದಿಯಲ್ಲಿ ಸ್ವಿಲ್ಕನ್ ಹಳ್ಳದ ಮೇಲೆ ಹಳೆಯ ಕಲ್ಲುಸೇತುವೆ ಇದೆ. ದೊಡ್ಡ ದೊಡ್ಡ ಆಟಗಾರರು ಆಟಕ್ಕೆ ವಿದಾಯ ಹೇಳುತ್ತ ಕೈ ಬೀಸಿದ್ದು ಅದರ ಮೇಲೆ ನಿಂತೇ. ತಂದೆ ತಾಯಿಯನ್ನು ಅಲ್ಲಿ ನಿಲ್ಲಿಸಿ ಒಂದು ಫೋಟೊ ತೆಗೆದರೂ ಹೋದ ಹಾದಿ ಸಾರ್ಥಕ.

ಬಯಲು ಉಳಿದರೆ ಪಾಳಿ

ಈ ಎಲ್ಲ ಮಾತು 39 ಸಾವಿರ ರೂಪಾಯಿ ಎಣಿಸಬಲ್ಲವರಿಗಷ್ಟೇ ಎಂದು ಪಕ್ಕಕ್ಕಿಡುವಂತಿಲ್ಲ. ಬಿಡದಿ ಬಳಿಯ ಈಗಲ್‌ಟನ್ ಗಾಲ್ಫ್ ಮೈದಾನದ ಪಕ್ಕದ ಹಳ್ಳಿಯ ಬಡ ಮನೆಯ ಹುಡುಗ ಚಿಕ್ಕರಂಗಪ್ಪ ಚೆಂಡು ಆಯುತ್ತ ಆಯುತ್ತ ಆಟ ಕಲಿತು ವೃತ್ತಿ ಆಟಗಾರನಾಗಿ ದೇಶ ವಿದೇಶ ಆಡಿದ. ಅವನಿಗೆ ಮೊದಲು ಸಿಕ್ಕದ್ದು ಹಣವಲ್ಲ. ಮನೆಯ ಹತ್ತಿರ ಒಂದು ಮೈದಾನ, ಒಳಗೆ ಬಿಟ್ಟ ಒಂದು ಬಾಗಿಲು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗೆ ಗಾಲ್ಫ್ ಮೈದಾನ ಬೇಕೆಂದು ಯಾರೂ ಕೇಳುತ್ತಿಲ್ಲ. ಹುಲ್ಲಿಗೆ ಸುರಿಯುವ ನೀರಿನಲ್ಲಿ ಎಷ್ಟು ಎಕರೆ ಕಬ್ಬು ಬೆಳೆದೀತು ಎಂದು ರೈತ ಕೇಳಿದರೆ ಉತ್ತರ ಇಲ್ಲ. ಕೇಳಬೇಕಾದದ್ದು ಬೇರೆ. ಸಂಸ್ಥಾನದ ಕಾಲದ ಹೆಸರು ಹೊತ್ತ ಜಮಖಂಡಿಯ ಪೋಲೋ ಮೈದಾನದಲ್ಲಿ ಈಗ ಕುದುರೆಗಳಿಲ್ಲ. 1948ರಲ್ಲಿ ಸಂಸ್ಥಾನ ವಿಲೀನವಾದ ಮೇಲೆ ರಾಜರ ಆಟದ ಬಯಲು ಜನರ ಬಯಲಾಯಿತು. ಅಂಥ ಬಯಲು ಎಲ್ಲ ಊರಿಗೂ ಒಂದೊಂದು ಉಂಟು. ಸಭೆ ಅಲ್ಲೇ, ಪೆಂಡಾಲು ಅಲ್ಲೇ, ಪಟಾಕಿ ಅಂಗಡಿ ಅಲ್ಲೇ, ಸರ್ಕಸ್ಸೂ ಅಲ್ಲೇ. ಉಳಿದ ದಿನ ಹುಡುಗರ ಕ್ರಿಕೆಟ್ಟು. ಯಾರು ಗಟ್ಟಿಯೋ ಅವರ ಪಾಳಿ. ಹೆಣ್ಣುಮಕ್ಕಳಿಗೆ, ಸಣ್ಣವರಿಗೆ ಪಾಳಿಯೇ ಇಲ್ಲ. ಗಾಯರಾಣ ಎಂದು ಕಾಗದದಲ್ಲಿ ಇದ್ದದ್ದು ನೆಲದ ಮೇಲೆ ಎಷ್ಟು ಉಳಿದಿದೆ ಎಂದು ಊರ ಹಿರಿಯರನ್ನು ಕೇಳಿದರೆ ಸಾಕು. ಊರ ಬಯಲು ಹೋದರೆ ಏನಾಗುತ್ತದೆ ಎಂಬುದನ್ನು ಬೀಳಗಿಯ ಕಡೆಯವರಿಗೆ ಹೇಳಬೇಕಿಲ್ಲ. ಆಲಮಟ್ಟಿಯ ಹಿನ್ನೀರಿನಲ್ಲಿ ಹೊಲ ಮನೆಗಳೊಂದಿಗೆ ಆಟದ ಅಂಗಳಗಳೂ ಮುಳುಗಿದ್ದನ್ನು ಅವರು ಕಂಡವರು.

ಸೇಂಟ್ ಆ್ಯಂಡ್ರೂಸ್ ಊರಿಗೆ ಕೀರ್ತಿ ತಂದದ್ದು ಹುಲ್ಲಲ್ಲ. ಮೊಲದವರಿಗೆ ಹೋದ ಭೂಮಿಯನ್ನು ಬಿಡದೆ ಮರಳಿ ಪಡೆದದ್ದು, ಕಾಯದೆಯಿಂದ ಕಟ್ಟು ಹಾಕಿದ್ದು, ಪಾಳಿಗೆ ಒಂದು ಪುಸ್ತಕ ಇಟ್ಟದ್ದು, ವಾರಕ್ಕೊಂದು ದಿನ ಎಲ್ಲರಿಗೂ ಬಿಟ್ಟುಕೊಟ್ಟದ್ದು. ಇದಕ್ಕೆ ಪೌಂಡು ಬೇಕಿಲ್ಲ. ಸರಕಾರದ ಹಾದಿ ಕಾಯದೆ ಕೃಷ್ಣಾ ತೀರದ ರೈತರು ತಾವೇ ವಂತಿಗೆ ಕೂಡಿಸಿ, ಬೆವರು ಸುರಿಸಿ, 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿ ಶ್ರಮಬಿಂದು ಸಾಗರ ಎಂದು ಹೆಸರಿಟ್ಟ ನಾಡು ಇದು. ಹೊಳೆಯನ್ನೇ ನಿಲ್ಲಿಸಿದವರಿಗೆ ಒಂದು ಬಯಲು ಉಳಿಸಿಕೊಳ್ಳುವುದು ದೊಡ್ಡ ಮಾತೇ? ಊರ ಮೈದಾನದ ಬಾಗಿಲಲ್ಲಿ ಒಂದು ಪಾಳಿ ಪುಸ್ತಕ, ಸಂಜೆ ಎರಡು ತಾಸು ಹೆಣ್ಣುಮಕ್ಕಳ ಆಟಕ್ಕೆ, ರವಿವಾರ ಬೆಳಿಗ್ಗೆ ಮುದುಕರ ತಿರುಗಾಟಕ್ಕೆ. ಇಷ್ಟು ಕೇಳಲು ಪುರಸಭೆಯ ಬಾಗಿಲಿಗೆ ಹತ್ತು ಮಂದಿ ಹೋದರೆ ಸಾಕು.

ಸ್ಕಾಟ್ಲೆಂಡಿಗೆ ಹೋಗುವವರು ಆಗಸ್ಟ್ ತಿಂಗಳನ್ನು ಮರೆಯದಿರಲಿ. ಹೋಗದವರು ತಮ್ಮೂರ ಮೈದಾನದ ಗಡಿಕಲ್ಲು ಇದ್ದಲ್ಲೇ ಇದೆಯೇ ಎಂದು ಒಮ್ಮೆ ನೋಡಿ ಬರಲಿ.